ಕ್ರೈಸ್ತ ನಂಬಿಕೆಯೂ ಸಾರ್ವಜನಿಕ ಜೀವನವೂ



ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಕಡೆಯಿಂದ ಒಂದು ಲೇಖನವಿರಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ಕೆಲಸವನ್ನೂ ಕುರಿತು ನಾಲ್ಕು ಮಾತುಗಳನ್ನು ಬರೆದರೆ ಸಾಕಾದೀತೆಂದು ಎಣಿಸಿದ್ದೆನು. ಆದರೆ ಆ ಸಂಗತಿಗಳೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದೇ ಬರುತ್ತವೆ. ಆದಕಾರಣ ಒಂದೇ ವಾರದೊಳಗೆ ಇಬ್ಬರು ಹಿರಿಯರು ನನ್ನ ಕೊಠಡಿಗೆ ಬಂದು ಕೇಳಿದ ಎರಡು ಪ್ರಶ್ನೆಗಳಿಗೆ ಇಲ್ಲಿ ಉತ್ತರವನ್ನು ಬರೆಯಲು ಯತ್ನಿಸುವೆನು. ಅಂದು ನಾನು ಅವಸರದಲ್ಲಿ ಕೊಟ್ಟ ಉತ್ತರಗಳು ನನಗೇ ತೃಪ್ತಿಯನ್ನುಂಟುಮಾಡಲಿಲ್ಲ.

ಮೊದಲು ಬಂದವರು ಸಿರುಗುಪ್ಪದ ಕಡೆಯ ಒಬ್ಬ ರೈತರು. ಮಗಳನ್ನು ಎಂಟನೆಯ ತರಗತಿಗೆ ಸೇರಿಸುವುದಕ್ಕಾಗಿ ನಾಟಿಯ ಕೆಲಸವನ್ನು ಬಿಟ್ಟು ಬಂದಿದ್ದರು. ಅರ್ಜಿಗೆ ರುಜು ಹಾಕಿದ ಮೇಲೆಯೂ ಎದ್ದು ಹೋಗದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾರೇ, ಇಲ್ಲಿ ಓದಿಸಿದ್ರ ನಮ್ಮ ಹುಡುಗಿ ನಿಮ್ಮ ದೇವರಿಗೆ ಹೋಗಬೇಕಾಗ್ತದೇನ್ರಿ?” ಎಂದು ಕೇಳಿದರು. ಎರಡನೆಯವರು ನಮ್ಮ ಸಭೆಯ ಹಿರಿಯರು. ನನ್ನನ್ನು ಲಂಗ ತೊಟ್ಟ ಹುಡುಗಿಯಾಗಿದ್ದಾಗಿನಿಂದ ಬಲ್ಲವರು. ಅವರು, “ಏನಮ್ಮಾ, ಎಲೆಕ್ಷನ್ ಹತ್ತಿರ ಬಂತು. ನಮ್ಮ ಜನ ಯಾರಿಗೆ ಓಟು ಹಾಕಬೇಕು ಅನ್ನೋದನ್ನ ಪೋಷಕರ ಸಭೆಯೊಳಗ ನೀನು ಒಂದು ಮಾತು ಹೇಳಿದ್ರ ಏನು ತಪ್ಪು? ನಿನ್ನ ಮಾತು ಎಲ್ಲಾರೂ ಕೇಳ್ತಾರ” ಎಂದರು.

ಒಬ್ಬರಿಗೆ ಕ್ರೈಸ್ತ ಮತವು ತಮ್ಮ ಮನೆಯೊಳಕ್ಕೆ ಕೈಚಾಚೀತೆಂಬ ಅಂಜಿಕೆ. ಮತ್ತೊಬ್ಬರಿಗೆ ಅದು ಊರಿನ ವ್ಯವಹಾರದಲ್ಲಿ ಸಾಕಷ್ಟು ಕೈಚಾಚದೆಂಬ ಕೊರಗು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾದ ಪ್ರಶ್ನೆಗಳು. ಆದರೆ ಎರಡರ ಅಡಿಯಲ್ಲಿಯೂ ಇರುವ ಎಣಿಕೆಯು ಒಂದೇ. ಏನೆಂದರೆ, ಒಂದು ಮತವು ಸಾರ್ವಜನಿಕ ಜೀವನಕ್ಕೆ ಬರುವುದು ತನ್ನವರ ಸಂಖ್ಯೆಯನ್ನೂ ತನ್ನವರ ಬಲವನ್ನೂ ಹೆಚ್ಚಿಸಿಕೊಳ್ಳುವುದಕ್ಕಾಗಿ ಎಂಬುದು. ಈ ಎಣಿಕೆಯು ಸರಿಯಲ್ಲವೆಂಬುದೇ ನಾನು ಇಲ್ಲಿ ಹೇಳಬೇಕೆಂದಿರುವ ವಿಷಯ.

ಉಪ್ಪು ಅಡಿಗೆಯಲ್ಲಿ ಕಾಣಿಸುವುದಿಲ್ಲ. ಕಾಣಿಸುವಷ್ಟು ಹಾಕಿದರೆ ಅಡಿಗೆಯೇ ಕೆಡುತ್ತದೆ. ಕ್ರಿಸ್ತನು ತನ್ನ ಶಿಷ್ಯರನ್ನು ಉಪ್ಪಿಗೂ ಪರಲೋಕರಾಜ್ಯವನ್ನು ಹಿಟ್ಟಿನಲ್ಲಿ ಕಲಸಿದ ಹುಳಿಗೂ ಹೋಲಿಸಿದನೆಂಬುದನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆಯು ಸುಮಾರು 11 ಲಕ್ಷ 42 ಸಾವಿರ. ಅಂದರೆ ನೂರು ಮಂದಿಯಲ್ಲಿ ಇಬ್ಬರಿಗಿಂತಲೂ ಕಡಿಮೆ. ಇಷ್ಟು ಸಣ್ಣ ಸಮುದಾಯವು ಲೆಕ್ಕದ ಬಲದಿಂದ ಏನನ್ನೂ ಸಾಧಿಸಲಾರದು. ಅದು ಏನನ್ನಾದರೂ ಸಾಧಿಸಿದ್ದರೆ, ತನಗಿದ್ದುದನ್ನು ಎಲ್ಲರಿಗೂ ಕೊಟ್ಟದ್ದರಿಂದ ಮಾತ್ರವೇ ಸಾಧಿಸಿದೆ. ಇದಕ್ಕೆ ಸಾಕ್ಷಿಯನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬಳ್ಳಾರಿಯಲ್ಲಿಯೇ ಇದೆ.

1800ರಲ್ಲಿ ಹೈದರಾಬಾದಿನ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಹತ್ತು ವರ್ಷಗಳ ತರುವಾಯ, 1810ರಲ್ಲಿ, ಲಂಡನ್ ಮಿಶನರಿ ಸಂಘದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಗಳು ಬಳ್ಳಾರಿಗೆ ಬಂದರು. ಅವರು ಬಂದದ್ದು ತಮ್ಮ ಮತವನ್ನು ಸಾರುವುದಕ್ಕಾಗಿಯೇ. ಇದನ್ನು ಮರೆಮಾಚುವುದು ಸಲ್ಲದು. ಅವರು ಬಂದ ದಾರಿಯನ್ನು ಕಂಪನಿಯ ಆಳ್ವಿಕೆಯು ಸುಗಮಗೊಳಿಸಿತೆಂಬುದನ್ನೂ, ಆ ಕಾರಣದಿಂದಲೇ ಬಹುಕಾಲ ಕ್ರೈಸ್ತ ಮತವನ್ನು ಪರದೇಶದವರ ಮತವೆಂದು ಜನರು ಸಂದೇಹದಿಂದ ಕಂಡರೆಂಬುದನ್ನೂ ನಾವು ಒಪ್ಪಿಕೊಳ್ಳಬೇಕು. ಆದರೆ ಅವರು ಮಾಡಿದ ಕೆಲಸದಲ್ಲಿ ಎಲ್ಲರ ಸ್ವತ್ತಾಗಿ ಉಳಿದದ್ದು ಯಾವುದು? ಹ್ಯಾಂಡ್ಸ್ ಅವರು ಕನ್ನಡವನ್ನು ಕಲಿತು, ಶಾಲೆಗಳನ್ನು ತೆರೆದು, ಸತ್ಯವೇದವನ್ನು ಕನ್ನಡಕ್ಕೆ ತರುವ ಕಾರ್ಯಕ್ಕೆ ಕೈಹಾಕಿದರು. ಸಂಪೂರ್ಣ ಕನ್ನಡ ಸತ್ಯವೇದವು 1831ರಲ್ಲಿ ಸಿದ್ಧವಾಯಿತು. ಅವರ ಜೊತೆಗಾರರಾಗಿದ್ದ ವಿಲಿಯಂ ರೀವ್ ಅವರು ಇಂಗ್ಲಿಷು ಕನ್ನಡ ಕೋಶವನ್ನು 1824ರಲ್ಲಿಯೂ ಕನ್ನಡ ಇಂಗ್ಲಿಷು ಕೋಶವನ್ನು 1832ರಲ್ಲಿಯೂ ಹೊರಡಿಸಿದರು. ಫರ್ಡಿನಂಡ್ ಕಿಟೆಲ್ ಅವರ ಪ್ರಸಿದ್ಧವಾದ ನಿಘಂಟು ಹೊರಬಿದ್ದದ್ದು 1894ರಲ್ಲಿ. ಅದಕ್ಕಿಂತ ಅರುವತ್ತು ವರ್ಷಗಳ ಮುಂಚೆಯೇ ಆ ದಾರಿಯಲ್ಲಿ ನಡೆದವರು ಈ ರೀವ್.

ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ “ಮಂಗಳೂರ ಸಮಾಚಾರ”ವು ಕನ್ನಡದ ಮೊದಲನೆಯ ವೃತ್ತಪತ್ರಿಕೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ಮರುವರ್ಷ ಆ ಪತ್ರಿಕೆಯು ನಮ್ಮ ಬಳ್ಳಾರಿಯ ಮಿಶನ್ ಮುದ್ರಣಾಲಯಕ್ಕೆ ಬಂದು “ಕನ್ನಡ ಸಮಾಚಾರ”ವೆಂಬ ಹೆಸರನ್ನು ತಾಳಿತೆಂಬುದು ಮಾತ್ರ ಬಳ್ಳಾರಿಯವರಿಗೇ ಮರೆತುಹೋಗಿದೆ. ಅದೇ ಮೋಗ್ಲಿಂಗ್ ಅವರು ಮುಂದೆ “ಬಿಬ್ಲಿಯೋಥಿಕಾ ಕರ್ನಾಟಿಕಾ” ಎಂಬ ಗ್ರಂಥಮಾಲೆಯಲ್ಲಿ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಯಲ್ಲಿ ಬೆಳೆದ ಹುಡುಗಿಯರು ಇದನ್ನು ಕೇಳಿ ಆಶ್ಚರ್ಯಪಡುವುದನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ತನ್ನ ಮತವನ್ನು ಸಾರುವುದಕ್ಕೆ ಬಂದ ಪಾದ್ರಿಯು ನೆರೆಯವನ ಪುರಾಣವನ್ನು ಕೂಡ ಜೋಪಾನವಾಗಿ ಅಚ್ಚುಮಾಡಿಸಿದನು. ಆ ಕೋಶಗಳನ್ನೂ ಪತ್ರಿಕೆಯನ್ನೂ ಗ್ರಂಥಮಾಲೆಯನ್ನೂ ಬಳಸುವುದಕ್ಕೆ ಕ್ರೈಸ್ತರಾಗಬೇಕೆಂಬ ನಿಬಂಧನೆಯು ಇರಲಿಲ್ಲ.

ಇನ್ನು ರಾಜಕೀಯಕ್ಕೆ ಬರೋಣ. 1953ರ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನಕ್ಕೆ ಸೇರುವವರೆಗೆ ನಮ್ಮ ಬಳ್ಳಾರಿಯು ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. 1935ರ ಇಂಡಿಯಾ ಸರ್ಕಾರದ ಕಾಯಿದೆಯ ಪ್ರಕಾರ ಮದ್ರಾಸ್ ಶಾಸನ ಸಭೆಯ 215 ಸ್ಥಾನಗಳಲ್ಲಿ 8 ಸ್ಥಾನಗಳು ಇಂಡಿಯದ ಕ್ರೈಸ್ತರಿಗೆ ಮೀಸಲಾಗಿದ್ದವು. ಇವಲ್ಲದೆ ಸ್ತ್ರೀಯರಿಗೆಂದು ಇಟ್ಟ 8 ಸ್ಥಾನಗಳಲ್ಲಿ ಒಂದು ಕ್ರೈಸ್ತ ಸ್ತ್ರೀಗೆ ಸಲ್ಲತಕ್ಕದ್ದಾಗಿತ್ತು. ಕ್ರೈಸ್ತರ ಪ್ರತಿನಿಧಿಯನ್ನು ಕ್ರೈಸ್ತರೇ ಪ್ರತ್ಯೇಕವಾಗಿ ಆರಿಸುತ್ತಿದ್ದರು. ನಮ್ಮ ಸಭೆಯ ಹಿರಿಯರು “ನಮ್ಮ ಜನರ ಓಟು” ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಇಂಥದೇ ಒಂದು ಏರ್ಪಾಡು.

ಆ ಏರ್ಪಾಡು ಏಕೆ ನಿಂತಿತು? ಸ್ವಾತಂತ್ರ್ಯವು ಬಂದ ಮೇಲೆ ರಾಜ್ಯಾಂಗ ರಚನಾ ಸಭೆಯು ಪ್ರತ್ಯೇಕ ಮತದಾರರ ಪಟ್ಟಿಯನ್ನು ತೆಗೆದುಹಾಕಿತಾದರೂ, ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳನ್ನು ಕೊಡುವ ವಿಚಾರವನ್ನು ಮೊದಲಿಗೆ ಒಪ್ಪಿಕೊಂಡಿತ್ತು. ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತರಾದ ಹರೇಂದ್ರ ಕುಮಾರ ಮುಖರ್ಜಿಯವರು. ಅವರೇ ರಾಜ್ಯಾಂಗ ರಚನಾ ಸಭೆಯ ಉಪಾಧ್ಯಕ್ಷರೂ ಆಗಿದ್ದರು. ಯಾವ ಮತದವರಿಗೂ ಶಾಸನ ಸಭೆಗಳಲ್ಲಿ ಮೀಸಲು ಸ್ಥಾನಗಳು ಬೇಡವೆಂದು ಸೂಚನೆಯನ್ನು ತಂದವರಲ್ಲಿ ಅವರು ಪ್ರಮುಖರು. 1949ರ ಮೇ ತಿಂಗಳಲ್ಲಿ ಸಭೆಯು ಅದನ್ನು ಅಂಗೀಕರಿಸಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲಾತಿಯನ್ನು ಮಾತ್ರ ಉಳಿಸಿತು. ಕೈಯಲ್ಲಿದ್ದ ಸ್ಥಾನಗಳನ್ನು ತಾವಾಗಿ ಬಿಟ್ಟುಕೊಟ್ಟ ಸಮುದಾಯಗಳು ಲೋಕದ ಚರಿತ್ರೆಯಲ್ಲಿ ಹೆಚ್ಚಿಲ್ಲ. ಬಿಟ್ಟುಕೊಟ್ಟದ್ದು ಸರಿಯೋ ತಪ್ಪೋ ಎಂದು ಇಂದಿಗೂ ಚರ್ಚಿಸುವವರಿದ್ದಾರೆ. ಸರಿಯೆಂದು ನನ್ನ ಅಭಿಪ್ರಾಯ. ಒಬ್ಬ ಕ್ರೈಸ್ತಳು ಶಾಸನ ಸಭೆಗೆ ಹೋಗುವುದಾದರೆ ಬಳ್ಳಾರಿಯ ಎಲ್ಲ ಬೀದಿಗಳವರೂ ಆರಿಸಿದ ಕಾರಣ ಹೋಗಬೇಕೇ ಹೊರತು, ಚರ್ಚಿನ ಅಂಗಳದವರು ಮಾತ್ರ ಆರಿಸಿದ ಕಾರಣ ಹೋಗಬಾರದು.

ಅದೇ ರಾಜ್ಯಾಂಗ ರಚನಾ ಸಭೆಯಲ್ಲಿ ಹದಿನೈದು ಮಂದಿ ಸ್ತ್ರೀಯರಿದ್ದರು. ಅವರಲ್ಲಿ ಒಬ್ಬರು ಕಪೂರ್ತಲಾ ರಾಜಮನೆತನದ ಕ್ರೈಸ್ತ ಕುಟುಂಬದ ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯವರ ಕಾರ್ಯದರ್ಶಿನಿಯಾಗಿ ದುಡಿದವರು, ಸ್ವತಂತ್ರ ಭಾರತದ ಮೊದಲನೆಯ ಆರೋಗ್ಯ ಮಂತ್ರಿಗಳು. 1947ರಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಯು ಮತಸ್ವಾತಂತ್ರ್ಯದ ಕಲಮನ್ನು ಬರೆಯುತ್ತಿದ್ದಾಗ, ಮತಾಚರಣೆಗೆ ಅಡ್ಡಿಯಿಲ್ಲದ ಸ್ವಾತಂತ್ರ್ಯವಿರಬೇಕೆಂಬ ಮಾತು ಬಂದಿತು. ಅಲ್ಪಸಂಖ್ಯಾತ ಮತಕ್ಕೆ ಸೇರಿದವರು ಇದನ್ನು ಕಣ್ಣು ಮುಚ್ಚಿ ಸ್ವಾಗತಿಸುವರೆಂದು ಯಾರಾದರೂ ಎಣಿಸಿಯಾರು. ಆದರೆ ಅಮೃತ್ ಕೌರ್ ಅವರೂ ಹಂಸಾ ಮೆಹತಾ ಅವರೂ ಅದಕ್ಕೆ ಆಕ್ಷೇಪವನ್ನೆತ್ತಿದರು. ಆಚರಣೆಯ ಹೆಸರಿನಲ್ಲಿ ದೇವದಾಸಿ ಪದ್ಧತಿ, ಸತಿ, ಪರದಾ ಮೊದಲಾದುವುಗಳಿಗೆ ರಕ್ಷಣೆ ದೊರೆತುಬಿಟ್ಟೀತೆಂಬುದೇ ಅವರ ವಾದವಾಗಿತ್ತು. ಇಂದು ಸಂವಿಧಾನದ 25ನೆಯ ಅನುಚ್ಛೇದವು ಮತಸ್ವಾತಂತ್ರ್ಯವನ್ನು ಕೊಡುತ್ತಲೇ, ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿದೆ. ಹಾಗೆ ಉಳಿಸಿದ್ದರಲ್ಲಿ ಈ ಇಬ್ಬರು ಸ್ತ್ರೀಯರ ಆಕ್ಷೇಪಣೆಗೆ ಪಾಲುಂಟು.

ಇದು ದೆಹಲಿಯ ಮಾತೆಂದು ನಮ್ಮ ಜಿಲ್ಲೆಯವರು ಹೇಳುವಂತಿಲ್ಲ. ಹೆಣ್ಣು ಮಗುವನ್ನು ಬಸವಿ ಬಿಡುವ ಪದ್ಧತಿಯು ಈ ಸೀಮೆಯಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದನ್ನು ಇಲ್ಲಿನ ಹಿರಿಯರು ಬಲ್ಲರು. ಮದ್ರಾಸ್ ಸರ್ಕಾರವು 1947ರಲ್ಲಿ ಅದನ್ನು ನಿಷೇಧಿಸಿತು; ಕರ್ನಾಟಕವು 1982ರಲ್ಲಿ ಪುನಃ ಕಾಯಿದೆ ಮಾಡಬೇಕಾಯಿತು. ಹಾಗೆ ಬಿಡಲ್ಪಟ್ಟ ತಾಯಂದಿರ ಮಕ್ಕಳು ಇಂದಿಗೂ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಓದುತ್ತಿದ್ದಾರೆ. ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗವು ಬರಿದಾಗಿದ್ದರೆ ತಾಯಿಯ ಹೆಸರನ್ನು ಬರೆದುಕೊಳ್ಳಬೇಕು, ಏಕೆಂದು ಕೇಳಬಾರದು ಎಂದು ನಮ್ಮ ಗುಮಾಸ್ತರಿಗೆ ನಾನು ತಿಳಿಸಿರುತ್ತೇನೆ. ನನ್ನ ನಂಬಿಕೆಯು ಸಾರ್ವಜನಿಕ ಜೀವನವನ್ನು ಮುಟ್ಟುವ ಸ್ಥಳವು ಇದು. ಆ ಬರಿದಾದ ಜಾಗದಲ್ಲಿ ಒಂದು ಮಗುವಿಗೆ ಅವಮಾನವಾಗದಂತೆ ನೋಡಿಕೊಳ್ಳುವುದು.

ಈಗ ಸಿರುಗುಪ್ಪದ ರೈತರ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡಬೇಕು. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಕಟ್ಟಿ ನಡೆಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆದರೆ 28ನೆಯ ಅನುಚ್ಛೇದದ ಪ್ರಕಾರ, ಸರ್ಕಾರದ ಮನ್ನಣೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆಯುವ ಯಾವ ಶಾಲೆಯೂ ಮಗುವಿನ ಪೋಷಕರ ಒಪ್ಪಿಗೆಯಿಲ್ಲದೆ ಆ ಮಗುವನ್ನು ಮತಬೋಧೆಯಲ್ಲಿಯಾಗಲಿ ಪ್ರಾರ್ಥನೆಯಲ್ಲಿಯಾಗಲಿ ಸೇರಿಸುವಂತಿಲ್ಲ. ಈ ಎರಡು ಅನುಚ್ಛೇದಗಳನ್ನೂ ಜೊತೆಯಾಗಿ ಓದಬೇಕು. ಒಂದು ನಮ್ಮ ಹಕ್ಕು, ಮತ್ತೊಂದು ನಿಮ್ಮ ಹಕ್ಕು. ಮತಾಂತರದ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಸ್ಪಷ್ಟವಾದ ತೀರ್ಪನ್ನು ಕೊಟ್ಟಿದೆ. ತನ್ನ ಮತದ ತತ್ತ್ವಗಳನ್ನು ತಿಳಿಯಪಡಿಸುವ ಹಕ್ಕು ಎಲ್ಲರಿಗೂ ಉಂಟು. ಮತ್ತೊಬ್ಬರನ್ನು ಮತಾಂತರಗೊಳಿಸುವುದು ಮಾತ್ರ ಯಾರ ಮೂಲಭೂತ ಹಕ್ಕೂ ಅಲ್ಲ ಎಂಬುದು ಅದರ ಸಾರಾಂಶ. ಆದುದರಿಂದ ಆ ತಂದೆಗೆ ನನ್ನ ಉತ್ತರವು ಇದು: ನಿಮ್ಮ ಮಗಳು ಇಲ್ಲಿಗೆ ಯಾವ ದೇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಳೋ ಆ ದೇವರೊಡನೆಯೇ ಹೊರಟು ಹೋಗುವಳು. ಕುರುಗೋಡಿನ ತೇರಿನ ದಿನ ಆ ಊರಿನ ಹುಡುಗಿಯರು ರಜೆ ಕೇಳಿದರೆ ನಾವು ಮುಖ ಸಿಂಡರಿಸುವುದಿಲ್ಲ.

ಆದರೆ ಕಾನೂನು ಹೀಗಿದೆಯೆಂದು ಹೇಳಿ ಮುಗಿಸಿಬಿಟ್ಟರೆ ನಾನು ಅರ್ಧ ಸತ್ಯವನ್ನು ಹೇಳಿದಂತಾಗುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ, ನನ್ನಿಂದ ಒಂದು ತಪ್ಪು ನಡೆಯಿತು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ತುಟಿ ಬಿಚ್ಚದೆ ನಿಂತಿರುತ್ತಿದ್ದಳು. ಅದನ್ನು ಅವಿಧೇಯತೆಯೆಂದು ತಿಳಿದು, ಒಂದು ದಿನ ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಅವಳನ್ನು ಜಗಲಿಯ ಮೇಲೆ ನಿಲ್ಲಿಸಿದೆನು. ಅವಳು ಅಳಲಿಲ್ಲ, ಎದುರಾಡಲಿಲ್ಲ, ಸುಮ್ಮನೆ ನಿಂತಿದ್ದಳು. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ಕಾರಣವನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಲವು ವರ್ಷಗಳಾದ ಮೇಲೆ 1986ರ ಒಂದು ತೀರ್ಪನ್ನು ಓದುವ ಸಂದರ್ಭವು ನನಗೆ ಒದಗಿತು. ಕೇರಳದ ಒಂದು ಶಾಲೆಯಲ್ಲಿ ಒಡಹುಟ್ಟಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆಯಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರಾದರೂ ಹಾಡುತ್ತಿರಲಿಲ್ಲ. ಅವರು ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದವರು. ದೇವರ ಹೊರತು ಬೇರೆ ಯಾವುದಕ್ಕೂ ಸ್ತೋತ್ರವನ್ನು ಹಾಡಕೂಡದೆಂಬುದು ಅವರ ನಂಬಿಕೆ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಲಾಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು 1986ರ ಆಗಸ್ಟ್ 11ರಂದು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತರು. ಗೌರವದಿಂದ ನಿಂತ ಮಗುವು ಯಾರನ್ನೂ ಅವಮಾನಿಸಲಿಲ್ಲವೆಂಬುದು ತೀರ್ಪಿನ ತಿರುಳು. ಆ ತೀರ್ಪನ್ನು ಕ್ರೈಸ್ತಳಾಗಿ ಸಂತೋಷದಿಂದ ಓದತೊಡಗಿದವಳಿಗೆ ನಡುವೆ ಆ ಜಗಲಿಯ ಹುಡುಗಿಯ ನೆನಪಾಯಿತು. ನಮ್ಮವರ ಮಕ್ಕಳು ಬಾಯಿ ಮುಚ್ಚಿ ನಿಂತರೆ ಅದು ಮನಸ್ಸಾಕ್ಷಿ, ನೆರೆಯವರ ಮಗಳು ನಿಂತರೆ ಅದು ಹಠ ಎಂದು ನಾನು ಎಣಿಸಿದ್ದೆನಲ್ಲವೇ? ಆ ಹುಡುಗಿಯ ಕ್ಷಮೆಯನ್ನು ಕೇಳುವ ಅವಕಾಶವು ನನಗೆ ದೊರೆಯಲಿಲ್ಲ. ಇಂದು ಪ್ರಾರ್ಥನೆಯ ಹೊತ್ತಿನಲ್ಲಿ ಸುಮ್ಮನಿರುವ ಹುಡುಗಿಯನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ; ಇದು ನಮ್ಮ ಔದಾರ್ಯವಲ್ಲ, ನಾನು ತೀರಿಸುತ್ತಿರುವ ಸಾಲ.

ನಂಬಿಕೆಯು ಲೋಕವನ್ನು ತಿದ್ದುವುದಕ್ಕೆ ಮೊದಲು ತನ್ನ ಮನೆಯನ್ನು ಗುಡಿಸಿಕೊಳ್ಳಬೇಕೆಂಬುದಕ್ಕೆ ಇನ್ನೆರಡು ನಿದರ್ಶನಗಳನ್ನು ಕೊಡುವೆನು. ಕೇರಳದ ಕೊಟ್ಟಾಯಂನಲ್ಲಿ ಮೇರಿ ರಾಯ್ ಎಂಬ ಉಪಾಧ್ಯಾಯಿನಿಯಿದ್ದರು. 1967ರಲ್ಲಿ ತಾವೇ ಶಾಲೆಯೊಂದನ್ನು ಸ್ಥಾಪಿಸಿ ನಡೆಸಿದರು. ತಿರುವಾಂಕೂರಿನ 1916ರ ಒಂದು ಕಾಯಿದೆಯ ಪ್ರಕಾರ ತಂದೆಯು ಉಯಿಲು ಬರೆಯದೆ ತೀರಿಕೊಂಡರೆ ಸಿರಿಯನ್ ಕ್ರೈಸ್ತರ ಹೆಣ್ಣು ಮಕ್ಕಳಿಗೆ ದೊರೆಯುತ್ತಿದ್ದ ಪಾಲು ಗಂಡು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1986ರ ಫೆಬ್ರವರಿಯಲ್ಲಿ ಬಂದ ತೀರ್ಪಿನಿಂದ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅಲ್ಲಿಯವರಿಗೂ ಅನ್ವಯಿಸುವುದೆಂದು ನಿರ್ಣಯವಾಗಿ, ಮಗಳಿಗೆ ಮಗನ ಸಮಪಾಲು ಬಂದಿತು. ಅವರನ್ನು ಎದುರಿಸಿದವರು ಅನ್ಯಮತದವರಲ್ಲ. ಅವರ ಸ್ವಂತ ಸಮುದಾಯದವರೇ. 2022ರಲ್ಲಿ ಅವರು ತೀರಿಕೊಂಡಾಗ, ಅವರನ್ನು ಒಂದು ಕಾಲದಲ್ಲಿ ಮನೆಮುರುಕಿಯೆಂದು ಕಂಡಿದ್ದ ಸಮಾಜದ ಎಷ್ಟೋ ಹೆಣ್ಣು ಮಕ್ಕಳು ಅವರಿಂದಾಗಿ ಪಾಲನ್ನು ಪಡೆದಿದ್ದರು.

ಎರಡನೆಯದು ಇನ್ನೂ ತೀರದ ನೋವು. ಕ್ರಿಸ್ತನಲ್ಲಿ ಜಾತಿಯಿಲ್ಲವೆಂದು ನಾವು ಬೋಧಿಸುತ್ತೇವೆ. ಆದರೆ ತಮಿಳುನಾಡಿನ ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ, ಸತ್ತವರ ನಡುವೆಯೂ ಜಾತಿಯ ಗೋಡೆಯನ್ನು ಎಬ್ಬಿಸಿದ್ದು ನಾಡಿಗೆಲ್ಲ ತಿಳಿದ ಸಂಗತಿ. ನಮ್ಮಲ್ಲಿ ಗೋಡೆಯಿಲ್ಲದಿರಬಹುದು, ಮದುವೆಯ ಸಂಬಂಧವನ್ನು ಹುಡುಕುವಾಗ ಮೂಲವನ್ನು ಕೇಳದ ಕ್ರೈಸ್ತ ಮನೆಗಳು ಎಷ್ಟಿವೆಯೆಂಬುದನ್ನು ನಾವು ನಾವೇ ಲೆಕ್ಕ ಹಾಕಿಕೊಳ್ಳೋಣ. ಇತ್ತ ಸರ್ಕಾರದ 1950ರ ಆದೇಶವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಮಾತ್ರ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ದಲಿತ ಕ್ರೈಸ್ತರಿಗೆ ಅದು ದೊರೆತಿಲ್ಲ. ಈ ವಿಷಯವನ್ನು ಪರಿಶೀಲಿಸಲು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. ಹೀಗೆ ಆ ನಮ್ಮ ಸಹೋದರರು ಊರಿನ ಕಣ್ಣಿಗೆ ಹಳೆಯ ಜಾತಿಯವರಾಗಿಯೂ ಸರ್ಕಾರದ ಕಡತಕ್ಕೆ ಆ ಜಾತಿಯವರಲ್ಲದವರಾಗಿಯೂ ಉಳಿದಿದ್ದಾರೆ. ಅವರ ಪರವಾಗಿ ಸರ್ಕಾರವನ್ನು ಕೇಳುವುದು ನ್ಯಾಯವೇ. ಆದರೆ ಚರ್ಚಿನೊಳಗೆ ಅವರಿಗೆ ಸಮಸ್ಥಾನವನ್ನು ಕೊಡದೆ ವಿಧಾನಸೌಧಕ್ಕೆ ಮನವಿಯನ್ನು ಹೊತ್ತುಕೊಂಡು ಹೋದರೆ ನಮ್ಮ ಮಾತಿಗೆ ಎಷ್ಟು ಬೆಲೆ ಬಂದೀತು?

ಕಡೆಯದಾಗಿ ನಮ್ಮ ಹಿರಿಯರ ಪ್ರಶ್ನೆ. ನಮ್ಮ ಕನ್ನಡದಲ್ಲಿ “ಮತ” ಎಂಬ ಒಂದೇ ಮಾತು ಧರ್ಮಕ್ಕೂ ಸಲ್ಲುತ್ತದೆ, ಓಟಿಗೂ ಸಲ್ಲುತ್ತದೆ. ಮಾತು ಒಂದಾದ ಮಾತ್ರಕ್ಕೆ ವಸ್ತುಗಳೆರಡೂ ಒಂದಾಗವು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಪ್ರಕರಣದ ಪ್ರಕಾರ ಮತದ ಹೆಸರಿನಲ್ಲಿ ಓಟು ಕೇಳುವುದು ಭ್ರಷ್ಟಾಚರಣೆಯಾಗಿರುತ್ತದೆ. 2017ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ, ಅಭ್ಯರ್ಥಿಯ ಮತವಷ್ಟೇ ಅಲ್ಲದೆ ಮತದಾರರ ಮತವನ್ನು ಎತ್ತಿ ಕೇಳುವುದೂ ಇದರೊಳಗೆ ಸೇರುತ್ತದೆಂದು ತೀರ್ಮಾನಿಸಿತು. 1988ರ ಮತ್ತೊಂದು ಕಾಯಿದೆಯು ದೇವಾಲಯ, ಮಸೀದಿ, ಚರ್ಚು ಮೊದಲಾದ ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯಕ್ಕೆ ಬಳಸಕೂಡದೆಂದು ವಿಧಿಸಿದೆ.

ಕಾನೂನಿಗಿಂತಲೂ ಹೆಚ್ಚಾಗಿ ನನಗೆ ಇದನ್ನು ಕಲಿಸಿದ್ದು 1999ರ ಚುನಾವಣೆ. ಆ ವರ್ಷ ಸೋನಿಯಾ ಗಾಂಧಿಯವರೂ ಸುಷ್ಮಾ ಸ್ವರಾಜ್ ಅವರೂ ಬಳ್ಳಾರಿಯಿಂದ ಲೋಕಸಭೆಗೆ ಸ್ಪರ್ಧಿಸಿದ್ದರಿಂದ ದೇಶದ ಕಣ್ಣೆಲ್ಲ ನಮ್ಮ ಊರಿನ ಮೇಲೆ ಬಿದ್ದಿತು. ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದೆನು. ಸ್ವರಾಜ್ ಅವರು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಭಾಷಣ ಮಾಡಿದರು. ಸೋನಿಯಾ ಅವರು ಗೆದ್ದರು. ಅಭ್ಯರ್ಥಿಯ ಹುಟ್ಟೂರು ಯಾವುದು, ಮತ ಯಾವುದು ಎಂಬ ಮಾತುಗಳು ಆಗ ಬೀದಿಬೀದಿಯಲ್ಲಿಯೂ ನಡೆಯುತ್ತಿದ್ದವು. ನಮ್ಮ ಹಾಸ್ಟೆಲಿನಲ್ಲಿಯೂ ನಡೆದವು. “ನಮ್ಮವರು” ಎಂದು ನಾನೂ ಒಂದು ಮಾತು ಆಡಿದೆನು. ಆಗ ನಮ್ಮ ವಾರ್ಡನ್ ಅಮ್ಮನವರು, “ಯಾರವರು ಅಂತ ಕೇಳಬ್ಯಾಡ, ಗೆದ್ದ ಮ್ಯಾಲೆ ಯಾರಿಗಾಗಿ ದುಡೀತಾರ ಅಂತ ಕೇಳು” ಎಂದರು. ಅಂದಿನಿಂದ ಇಂದಿನವರೆಗೆ ಚುನಾವಣೆಯ ಕಾಲದಲ್ಲಿ ನಾನು ಕೇಳಿದ ಬುದ್ಧಿಮಾತುಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಅಲ್ಪಸಂಖ್ಯಾತರಿಗೆ ಅಂಜಿಕೆಯೇ ಇರಬಾರದೆಂದು ನಾನು ಹೇಳುತ್ತಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರವನ್ನು ಕುರಿತ ಕಾಯಿದೆಯು ಬಂದಾಗ, ಪ್ರಾರ್ಥನಾ ಕೂಟಕ್ಕೆ ಹೋಗುವ ಸಾಧಾರಣ ಜನರಲ್ಲಿಯೂ ಕಳವಳವು ತಲೆದೋರಿತು. 2023ರ ಜೂನ್ ತಿಂಗಳಲ್ಲಿ ಮಂತ್ರಿಮಂಡಲವು ಅದನ್ನು ರದ್ದುಪಡಿಸಲು ತೀರ್ಮಾನಿಸಿದಾಗ ಮತ್ತೆ ಕೆಲವರಲ್ಲಿ ಬೇರೊಂದು ಬಗೆಯ ಕಳವಳವಾಯಿತು. ಇಂಥ ವೇಳೆಯಲ್ಲಿ ನಾವು ಮಾತನಾಡಲೇಬೇಕು, ಮೌನವು ಸಜ್ಜನಿಕೆಯಲ್ಲ. ಆದರೆ ಮಾತನಾಡುವಾಗ ಒಂದು ಮತದ ಗುಂಪಾಗಿ ಒಬ್ಬ ನಾಯಕನ ಬಾಗಿಲಲ್ಲಿ ನಿಂತು ಅನುಗ್ರಹವನ್ನು ಬೇಡುವ ಬದಲು, ಪ್ರಜೆಗಳಾಗಿ ಎಲ್ಲರಿಗೂ ಸಮನಾದ ನ್ಯಾಯವನ್ನು ಕೇಳಬೇಕು. ನಾವು ಬೇಡಿ ಪಡೆದ ಅನುಗ್ರಹವನ್ನು ಮುಂದಿನ ಚುನಾವಣೆಯು ಕಿತ್ತುಕೊಂಡೀತು. ಎಲ್ಲರೊಡನೆ ಸೇರಿ ಪಡೆದ ನ್ಯಾಯವು ಅಷ್ಟು ಸುಲಭವಾಗಿ ಹೋಗದು.

ಆದಕಾರಣ ನಮ್ಮ ಹಿರಿಯರಿಗೆ, “ಅಣ್ಣಾ, ಓಟು ತಪ್ಪದೆ ಹಾಕಿರೆಂದು ಪೋಷಕರ ಸಭೆಯಲ್ಲಿ ಹೇಳುತ್ತೇನೆ; ಯಾರಿಗೆ ಎಂದು ಮಾತ್ರ ಹೇಳಲಾರೆ” ಎಂದೆನು. ಅವರು ಅಸಮಾಧಾನದಿಂದಲೇ ಎದ್ದು ಹೋದರು. ಅವರ ಅಸಮಾಧಾನವು ಇನ್ನೂ ಹೋಗಿಲ್ಲವೆಂಬುದು ನನಗೆ ಗೊತ್ತು. ಅವರ ಮೇಲಿನ ನನ್ನ ಗೌರವವೂ ಕಡಿಮೆಯಾಗಿಲ್ಲ. ಅವರು ಈ ಲೇಖನವನ್ನು ಓದುವರೆಂಬ ಭರವಸೆಯಿಂದಲೇ ಇದನ್ನು ಬರೆದಿದ್ದೇನೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಈ ಲೇಖನವು ನಿಮಗೂ ಸಲ್ಲುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ನಿಮ್ಮಲ್ಲಿ ಒಬ್ಬಳು ಆ ಸ್ಥಾನದಲ್ಲಿ ಕುಳಿತರೆ, ಗಂಡನು ತೋರಿಸಿದ ಕಡೆ ರುಜು ಹಾಕಿ ಎದ್ದು ಬರಬೇಡಿರಿ. ನೆರೆಮನೆಯಲ್ಲಿ ಹದಿನೆಂಟು ತುಂಬದ ಹುಡುಗಿಗೆ ಮದುವೆಯ ಚಪ್ಪರ ಹಾಕಿದರೆ ನಮಗೇಕೆಂದು ಕದ ಹಾಕಿಕೊಳ್ಳಬೇಡಿರಿ. 1098 ಎಂಬ ಮಕ್ಕಳ ಸಹಾಯವಾಣಿಗೆ ಒಂದು ಕರೆ ಮಾಡಿರಿ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಶಾಲೆ ಬಿಟ್ಟ ಮಗುವಿನ ಮನೆಗೆ ಒಮ್ಮೆ ಹೋಗಿ ಬನ್ನಿರಿ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಕುಲವನ್ನು ಕೇಳದೆ ತನ್ನ ಕತ್ತೆಯ ಮೇಲೆ ಕೂರಿಸಿಕೊಂಡು ಹೋದ ಸಮಾರ್ಯದವನ ಕಥೆಯನ್ನು ನೀವು ಇಲ್ಲಿ ಕೇಳಿದ್ದೀರಿ. ಅವನು ಆ ಗಾಯಾಳುವಿನ ಮತದವನಾಗಿರಲಿಲ್ಲ. ಗುಣವಾದ ಮೇಲೆ ನನ್ನ ಮತಕ್ಕೆ ಬಾ ಎಂದು ಅವನು ಕೇಳಿದಂತೆಯೂ ಆ ಕಥೆಯಲ್ಲಿಲ್ಲ. ಛತ್ರದವನಿಗೆ ಹಣ ಕೊಟ್ಟು ತನ್ನ ದಾರಿಯನ್ನು ಹಿಡಿದನು.

ಪೋಷಕರೇ, ನಿಮ್ಮ ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸುವಾಗ ನಿಮಗೆ ಅನುಮಾನ ಬಂದರೆ, ಆ ಸಿರುಗುಪ್ಪದ ತಂದೆಯ ಹಾಗೆ ಬಾಯಿ ಬಿಟ್ಟು ಕೇಳಿರಿ. ಅವರ ಮಗಳು ಈಗ ನಮ್ಮಲ್ಲಿ ಓದುತ್ತಿದ್ದಾಳೆ. ಗಣಿತದಲ್ಲಿ ಜಾಣೆ, ಕನ್ನಡದ ಕಾಗುಣಿತದಲ್ಲಿ ಇನ್ನೂ ತಿದ್ದಬೇಕಾದದ್ದಿದೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವಳು ಕಣ್ಣು ಮುಚ್ಚಿ ನಿಂತಿರುವುದನ್ನು ನೋಡಿದ್ದೇನೆ. ಯಾರನ್ನು ನೆನೆಯುತ್ತಾಳೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಸರ್ವರಿಗೂ ದೇವರು ಶಾಂತಿಯನ್ನೂ ಸದ್ಬುದ್ಧಿಯನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇನೆ.

— ಮುಖ್ಯೋಪಾಧ್ಯಾಯಿನಿ